ಫಾರ್ಮಕಾಲಜಿಯನ್ನು ಉರು ಹೊಡೆಯದೆ ಓದುವುದು ಹೇಗೆ

ನಾಲ್ಕನೇ ಸೆಮಿಸ್ಟರ್‌ನ ಇಂಟರ್ನಲ್ಸ್‌ನಲ್ಲಿ ಫಾರ್ಮಕಾಲಜಿಗೆ, ಅಂದರೆ ಔಷಧಿಗಳು ದೇಹದಲ್ಲಿ ಹೇಗೆ ಕೆಲಸ ಮಾಡುತ್ತವೆ ಅನ್ನುವ ವಿಷಯಕ್ಕೆ, ನನಗೆ 30ಕ್ಕೆ 9 ಬಂದಿತ್ತು. ಒಂದು ವಾರ ರಾತ್ರಿ ಎರಡು ಗಂಟೆಯವರೆಗೆ ಕೂತು ನೂರಕ್ಕೂ ಜಾಸ್ತಿ ಔಷಧಿಗಳ ಹೆಸರು ಉರು ಹೊಡೆದಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೇ ಬೇರೆ: ಆಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಯಾಕೆ ಕೊಡಬಾರದು? ಹೆಸರು ಗೊತ್ತಿತ್ತು. ಅದು ಯಾವ ಗುಂಪಿನದು ಅಂತಲೂ ಗೊತ್ತಿತ್ತು. 'ಯಾಕೆ' ಅನ್ನೋದು ಮಾತ್ರ ಗೊತ್ತಿರಲಿಲ್ಲ.

ನಾನು ತುಮಕೂರು ಕಡೆಯ ಹಳ್ಳಿಯವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬೆಂಗಳೂರಿಗೆ ಬಂದು ಬಿ.ಫಾರ್ಮ ಸೇರಿದೆ. ಈಗ ಇಲ್ಲೇ ಅದೇ ವಿಷಯ ಪಾಠ ಮಾಡುತ್ತೇನೆ. ಬುದ್ಧಿವಂತ ಮಕ್ಕಳು ಬರೀ ಹೆಸರುಗಳ ಪಟ್ಟಿಗೆ ಹೆದರಿ ಈ ವಿಷಯವನ್ನೇ ದ್ವೇಷಿಸುವುದನ್ನು ಪ್ರತಿ ವರ್ಷ ನೋಡುತ್ತೇನೆ. ನೋಡಿ ಸಂಕಟವಾಗುತ್ತದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸೇರುವ ಮೊದಲು

ಈ ಭಾಗ ಚಿಕ್ಕದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಗಣಿತ ಅಥವಾ ಜೀವಶಾಸ್ತ್ರ ಓದಿದವರು ಕೆಸಿಇಟಿ ಬರೆದು ಬಿ.ಫಾರ್ಮ ಅಥವಾ ಫಾರ್ಮ್.ಡಿ ಸೇರಬಹುದು. ಬಿ.ಫಾರ್ಮ 4 ವರ್ಷ. ಫಾರ್ಮ್.ಡಿ 6 ವರ್ಷ, ಕೊನೆಯ ವರ್ಷ ಇಂಟರ್ನ್‌ಶಿಪ್. ಡಿ.ಫಾರ್ಮ ಮುಗಿಸಿದವರಿಗೆ ಬಿ.ಫಾರ್ಮ ಎರಡನೇ ವರ್ಷಕ್ಕೆ ನೇರ ಪ್ರವೇಶ ಉಂಟು. ಎಂಬಿಬಿಎಸ್‌ನವರಿಗೆ ಫಾರ್ಮಕಾಲಜಿ ಎರಡನೇ ವರ್ಷದಲ್ಲಿ ಬರುತ್ತದೆ. ಮುಂದೆ ಹೇಳುವುದೆಲ್ಲ ಅವರಿಗೂ ಅನ್ವಯಿಸುತ್ತದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಿ ಮರುಳಾಗಬೇಡಿ. ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯಾ ಅಂತ ಮೊದಲು ಕೌನ್ಸಿಲ್‌ನ ಪಟ್ಟಿಯಲ್ಲೇ ನೋಡಿಕೊಳ್ಳಿ. ಅದಿಲ್ಲದ ಕಡೆ ಓದಿದರೆ 1948ರ ಫಾರ್ಮಸಿ ಕಾಯ್ದೆ ಪ್ರಕಾರ ಫಾರ್ಮಾಸಿಸ್ಟ್ ಆಗಿ ನೋಂದಣಿ ಆಗುವುದಿಲ್ಲ. ಬೆಂಗಳೂರಿನ ಬಹಳಷ್ಟು ಫಾರ್ಮಸಿ ಕಾಲೇಜುಗಳು ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದರ ಹಳೇ ಪ್ರಶ್ನೆಪತ್ರಿಕೆಗಳನ್ನು ಮೊದಲ ದಿನದಿಂದಲೇ ಒಟ್ಟು ಮಾಡಿಕೊಳ್ಳಿ.

ಮೊದಲು ಫಿಸಿಯಾಲಜಿ ಗಟ್ಟಿ ಮಾಡಿಕೊಳ್ಳಿ

ಬಿ.ಫಾರ್ಮದಲ್ಲಿ ಫಾರ್ಮಕಾಲಜಿ ಶುರುವಾಗುವುದು ನಾಲ್ಕನೇ ಸೆಮಿಸ್ಟರ್‌ನಲ್ಲಿ. ಐದು ಮತ್ತು ಆರರಲ್ಲೂ ಇರುತ್ತದೆ. ಆದರೆ ಅದರ ಬೇರು ಇರುವುದು ಮೊದಲ ಎರಡು ಸೆಮಿಸ್ಟರ್‌ನ ಅನಾಟಮಿ (ದೇಹದ ರಚನೆ), ಫಿಸಿಯಾಲಜಿಯಲ್ಲಿ (ಅಂಗಗಳು ಕೆಲಸ ಮಾಡುವ ರೀತಿ). ಹೃದಯ ಹೇಗೆ ಬಡಿಯುತ್ತದೆ ಅಂತ ಗೊತ್ತಿಲ್ಲದೆ ಹೃದಯದ ಔಷಧಿ ಓದಿದರೆ ಏನೂ ತಲೆಗೆ ಹತ್ತಲ್ಲ. ಆದ್ದರಿಂದ ಪ್ರತಿ ಹೊಸ ಅಧ್ಯಾಯಕ್ಕೆ ಮುಂಚೆ ಆ ಅಂಗದ ಫಿಸಿಯಾಲಜಿಯನ್ನು ಒಂದು ಗಂಟೆ ತಿರುಗಿ ಓದಿ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಎಲ್ಲರೂ ಎಡವುವುದು ಆಟೊನಾಮಿಕ್ ನರಮಂಡಲದ ಹತ್ತಿರ, ಅಂದರೆ ನಾವು ಹೇಳದೆಯೇ ತಾನಾಗಿ ಅಂಗಗಳನ್ನು ನಡೆಸುವ ನರಗಳ ಹತ್ತಿರ. ಅದಕ್ಕೆ ಇನ್ನೂ ಜಾಸ್ತಿ ಸಮಯ ಕೊಡಿ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಎಡಗಡೆ ಅಂಗಗಳನ್ನು ಬರೆಯಿರಿ: ಕಣ್ಣಿನ ಪಾಪೆ, ಬಾಯಿ, ಹೃದಯ, ಶ್ವಾಸನಾಳ, ಕರುಳು, ಮೂತ್ರಕೋಶ, ಬೆವರು. ಮಧ್ಯದಲ್ಲಿ ಸಿಂಪಥೆಟಿಕ್, ಬಲಗಡೆ ಪ್ಯಾರಾಸಿಂಪಥೆಟಿಕ್. ಮೆಜೆಸ್ಟಿಕ್‌ನಲ್ಲಿ ಹೊರಟುಬಿಟ್ಟ ಬಸ್ಸಿನ ಹಿಂದೆ ಓಡುವಾಗ ನಿಮ್ಮ ಮೈಯಲ್ಲಿ ಆಗುವುದೆಲ್ಲ ಸಿಂಪಥೆಟಿಕ್: ಎದೆ ಬಡಿತ ಏರುತ್ತದೆ, ಶ್ವಾಸನಾಳ ಅಗಲವಾಗುತ್ತದೆ, ಪಾಪೆ ಹಿಗ್ಗುತ್ತದೆ. ಭಾನುವಾರ ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ, ಸೊಪ್ಪಿನ ಸಾರು ಉಂಡು ಒರಗಿದಾಗ ಕೆಲಸ ಮಾಡುವುದು ಪ್ಯಾರಾಸಿಂಪಥೆಟಿಕ್: ಬಡಿತ ಇಳಿಯುತ್ತದೆ, ಕರುಳು ಚುರುಕಾಗುತ್ತದೆ.

ಈಗ ಹಳ್ಳಿಯಿಂದ ಬಂದವರಿಗೆ ಒಂದು ಮಾತು. ಈ ಅಧ್ಯಾಯ ನಿಮಗೆ ಆಗಲೇ ಗೊತ್ತು.

ನಮ್ಮೂರಲ್ಲಿ ಒಬ್ಬ ಹುಡುಗ ದತ್ತೂರಿ ಬೀಜ ತಿಂದುಬಿಟ್ಟಿದ್ದ. ನಮ್ಮ ಕಡೆ ಉಮ್ಮತ್ತಿ ಅಂತಾರೆ. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಮುಖ ಕೆಂಪಗೆ, ಮೈ ಕಾದ ಹಂಚಿನ ಹಾಗೆ, ಆದರೂ ಒಂದು ಹನಿ ಬೆವರಿಲ್ಲ. ಕಣ್ಣಿನ ಪಾಪೆ ಎಷ್ಟು ಅಗಲವಾಗಿತ್ತೆಂದರೆ ಸುತ್ತಲಿನ ಬಣ್ಣವೇ ಕಾಣುತ್ತಿರಲಿಲ್ಲ. ಏನೇನೋ ಬಡಬಡಿಸುತ್ತಿದ್ದ. ಗಾಳಿಯಲ್ಲಿ ಏನನ್ನೋ ಹಿಡಿಯಲು ಕೈ ಚಾಚುತ್ತಿದ್ದ. ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡರು. ಆಗ ನಾನು ಏಳನೇ ಕ್ಲಾಸು. ದತ್ತೂರಿಯಲ್ಲಿ ಅಟ್ರೊಪಿನ್, ಸ್ಕೊಪೊಲಮಿನ್ ಇರುತ್ತವೆ, ಅವು ಪ್ಯಾರಾಸಿಂಪಥೆಟಿಕ್ ಕೆಲಸವನ್ನು ತಡೆಯುತ್ತವೆ ಅಂತ ಕಾಲೇಜಿನಲ್ಲಿ ಓದಿದ ದಿನ ಆ ಹುಡುಗನ ಮುಖ ಕಣ್ಣ ಮುಂದೆ ಬಂತು. ಆಮೇಲೆ ಅಟ್ರೊಪಿನ್‌ನ ಪರಿಣಾಮಗಳನ್ನು ನಾನು ಯಾವತ್ತೂ ಬಾಯಿಪಾಠ ಮಾಡಲಿಲ್ಲ.

ಇದರ ತದ್ವಿರುದ್ಧ ಚಿತ್ರವನ್ನೂ ನೀವು ಕೇಳಿರುತ್ತೀರಿ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ, ಕೈಗವಸು ಇಲ್ಲದೆ ತೋಟಕ್ಕೆ ಕೀಟನಾಶಕ ಹೊಡೆದವರಿಗೆ ಆಗುವ ವಿಷಬಾಧೆ. ಪ್ಯಾರಾಸಿಂಪಥೆಟಿಕ್ ನರಗಳು ಅಂಗಗಳಿಗೆ ಸಂದೇಶ ಕಳಿಸುವುದು ಅಸಿಟೈಲ್‌ಕೋಲಿನ್ ಅನ್ನುವ ವಸ್ತುವಿನಿಂದ. ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕ ಅದನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ಒಂದೇ ಸಮ ಗುಡ್ಡೆ ಬೀಳುತ್ತದೆ. ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತವೆ. ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ. ಬಡಿತ ನಿಧಾನವಾಗುತ್ತದೆ, ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಇದಕ್ಕೆ ಕೊಡುವ ಮದ್ದು ಯಾವುದು ಗೊತ್ತಾ? ಅದೇ ಅಟ್ರೊಪಿನ್. ಜೊತೆಗೆ ಕಿಣ್ವವನ್ನು ಬಿಡಿಸಲು ಪ್ರಾಲಿಡಾಕ್ಸಿಮ್. ಒಂದು ಕಡೆ ವಿಷ, ಇನ್ನೊಂದು ಕಡೆ ಪ್ರಾಣ ಉಳಿಸುವ ಮದ್ದು. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡರೆ ಆ ದೊಡ್ಡ ಹಾಳೆಯ ಬಲಭಾಗ ಪೂರ್ತಿ ನೆನಪಿರುತ್ತದೆ.

ಒಂದು ಗುಂಪಿಗೆ ಒಂದೇ ಔಷಧಿ

ಪ್ರತಿ ಗುಂಪಿನಲ್ಲಿ ಒಂದು ಔಷಧಿ ಆರಿಸಿಕೊಳ್ಳಿ. ಅದಕ್ಕೆ ನೋಟ್‌ಬುಕ್‌ನ ಒಂದು ಪುಟ ಪೂರ್ತಿ ಕೊಡಿ. ಪುಟದ ಮೇಲರ್ಧದಲ್ಲಿ ಔಷಧಿ ದೇಹಕ್ಕೆ ಏನು ಮಾಡುತ್ತದೆ. ಕೆಳಗರ್ಧದಲ್ಲಿ ದೇಹ ಔಷಧಿಗೆ ಏನು ಮಾಡುತ್ತದೆ. ದೊಡ್ಡ ಪುಸ್ತಕದಲ್ಲಿರುವ ಫಾರ್ಮಕೊಡೈನಮಿಕ್ಸ್, ಫಾರ್ಮಕೊಕೈನೆಟಿಕ್ಸ್ ಅಂದರೆ ಇಷ್ಟೇ. ಉಳಿದ ಔಷಧಿಗಳಿಗೆ ಒಂದೊಂದು ಸಾಲು ಸಾಕು: ಮೊದಲನೆಯದಕ್ಕಿಂತ ಇದು ಯಾವುದರಲ್ಲಿ ಬೇರೆ?

ನಾನು ಸೋತ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಹೃದಯದಲ್ಲಿ ಬೀಟಾ-1 ರಿಸೆಪ್ಟರ್ ಇದೆ, ಅಂದರೆ ಸಂದೇಶದ ವಸ್ತುವೋ ಔಷಧಿಯೋ ಬಂದು ಕೂರುವ ಜಾಗ. ಅದು ಕೆಲಸ ಮಾಡಿದರೆ ಬಡಿತ ಏರುತ್ತದೆ. ಶ್ವಾಸನಾಳದಲ್ಲಿ ಬೀಟಾ-2 ಇದೆ. ಅದು ಕೆಲಸ ಮಾಡಿದರೆ ನಾಳ ಅಗಲವಾಗುತ್ತದೆ. ಪ್ರೊಪ್ರನೊಲಾಲ್ ಎರಡನ್ನೂ ತಡೆಯುತ್ತದೆ. ಹೃದಯಕ್ಕೆ ವಿಶ್ರಾಂತಿ ಸಿಗುತ್ತದೆ, ಸರಿ. ಆದರೆ ಆಸ್ತಮಾ ಇರುವವರ ಶ್ವಾಸನಾಳ ಮೊದಲೇ ಕಿರಿದು, ಅದು ಇನ್ನೂ ಬಿಗಿಯುತ್ತದೆ. ಉತ್ತರ ಮುಗಿಯಿತು. ಅಷ್ಟಕ್ಕೇ ನಿಲ್ಲಬೇಡಿ. ಆಸ್ತಮಾದ ಇನ್‌ಹೇಲರ್‌ನಲ್ಲಿರುವ ಸಾಲ್ಬ್ಯುಟಮಾಲ್ ಇದಕ್ಕೆ ಉಲ್ಟಾ, ಬೀಟಾ-2 ಅನ್ನು ಎಬ್ಬಿಸುತ್ತದೆ. ಕೈಯ ಸ್ನಾಯುವಿನಲ್ಲೂ ಬೀಟಾ-2 ಇರುವುದರಿಂದ ಕೈ ನಡುಗುತ್ತದೆ. ಮೆಟೊಪ್ರೊಲಾಲ್‌ಗೆ ಒಂದೇ ಸಾಲು: ಮುಖ್ಯವಾಗಿ ಬೀಟಾ-1 ಮೇಲೆ ಕೆಲಸ. ಒಂದು ಪ್ರಶ್ನೆಯಿಂದ ಮೂರು ಔಷಧಿ ಬಂದವು, ಅಲ್ವಾ?

ಅಡ್ಡ ಪರಿಣಾಮಗಳನ್ನೂ ಹೀಗೇ ಹುಟ್ಟಿದ ಕಡೆಯಿಂದ ಓದಿ. ಬಿಪಿಗೆ ಕೊಡುವ ರಾಮಿಪ್ರಿಲ್ ಒಂದು ಕಿಣ್ವವನ್ನು ತಡೆಯುತ್ತದೆ. ದೇಹದಲ್ಲೇ ಇರುವ ಬ್ರಾಡಿಕೈನಿನ್ ಅನ್ನುವ ವಸ್ತುವನ್ನು ಒಡೆಯುವುದೂ ಅದೇ ಕಿಣ್ವ. ಒಡೆಯದ ಬ್ರಾಡಿಕೈನಿನ್ ಜಾಸ್ತಿಯಾಗಿ ಕೆಲವರಿಗೆ ಒಣ ಕೆಮ್ಮು ಬರುತ್ತದೆ. ನಮ್ಮ ಪಿಜಿ ಓನರ್ ಆಂಟಿ ಎರಡು ತಿಂಗಳಿಂದ ಕೆಮ್ಮುತ್ತಿದ್ದರು. ಮೂರು ಥರದ ಸಿರಪ್ ಕುಡಿದಿದ್ದರು. ಶುಂಠಿ ಕಷಾಯವೂ ಆಗಿತ್ತು. ಒಂದು ಸಂಜೆ ಅವರ ಮಾತ್ರೆ ಪಟ್ಟಿ ನೋಡಿದೆ. ಬಿಪಿ ಮಾತ್ರೆ ಶುರುವಾದದ್ದು ಯಾವಾಗ ಅಂತ ಕೇಳಿದೆ. ಲೆಕ್ಕ ಹಾಕಿದರೆ ಕೆಮ್ಮಿಗಿಂತ ಮೂರು ವಾರ ಮೊದಲು. "ಆಂಟಿ, ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಈ ಕೆಮ್ಮಿನ ವಿಷಯ ಡಾಕ್ಟರಿಗೆ ಹೇಳಿ" ಅಂದೆ. ಡಾಕ್ಟರು ಮಾತ್ರೆಯನ್ನು ಲೊಸಾರ್ಟನ್‌ಗೆ ಬದಲಿಸಿದರು. ಕೆಲವು ವಾರಗಳಲ್ಲಿ ಕೆಮ್ಮು ಹೋಯಿತು. ಆವತ್ತು ಆಂಟಿ ಮಾಡಿಕೊಟ್ಟ ಅಕ್ಕಿರೊಟ್ಟಿಯ ರುಚಿ ನನಗೆ ಇನ್ನೂ ನೆನಪಿದೆ.

ಇಲ್ಲಿ ಒಂದು ಎಚ್ಚರಿಕೆ. ನೀವು ಓದುತ್ತಿರುವವರು. ಯಾರಿಗೂ ಮಾತ್ರೆ ಬದಲಿಸಲು, ನಿಲ್ಲಿಸಲು ಹೇಳಬೇಡಿ. ಗಮನಿಸಿ, ಕೇಳಿ, ಡಾಕ್ಟರ ಹತ್ತಿರ ಕಳಿಸಿ.

ಹೆಸರಿನ ಬಾಲ ನೋಡಿ ಗುಂಪು ಹಿಡಿಯುವುದು ಒಳ್ಳೆಯ ಅಭ್ಯಾಸ. 'ಪ್ರಿಲ್', 'ಸಾರ್ಟನ್', 'ಸ್ಟಾಟಿನ್', 'ಗ್ಲಿಪ್ಟಿನ್' ಹೀಗೆ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲ ಇಳಿಸುತ್ತವೆ. ಅದೇ ಬಾಲದ ಅರಿಪಿಪ್ರಜೋಲ್ ಸ್ಕಿಜೊಫ್ರೇನಿಯಾದಂಥ ಮನೋರೋಗಕ್ಕೆ ಕೊಡುವ ಔಷಧಿ.

ಹಾಫ್ ಲೈಫ್ ಲೆಕ್ಕವನ್ನು ಕೈಯಾರೆ ಮಾಡಿ

ಗಣಿತ ಅಂದರೆ ಓಡಿಹೋಗುವವರು ಇಲ್ಲಿ ಐದು ನಿಮಿಷ ಕೂತುಕೊಳ್ಳಿ. ಒಂದು ಔಷಧಿ ದೇಹದಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯವೇ ಹಾಫ್ ಲೈಫ್. ಒಂದೊಂದು ಹಾಫ್ ಲೈಫ್‌ಗೆ 100 ಮಿಲಿಗ್ರಾಂ ನುಂಗುತ್ತಾ ಹೋದಿರಿ ಅಂದುಕೊಳ್ಳಿ. ಮೊದಲ ಸಲ 100. ಅದು 50ಕ್ಕೆ ಇಳಿದಾಗ ಇನ್ನೊಂದು 100 ಸೇರಿ 150. ಅದು 75 ಆದಾಗ ಮತ್ತೆ 100 ಸೇರಿ 175. ಆಮೇಲೆ 187.5, ಆಮೇಲೆ 193.75. ನೋಡಿ, ಏರಿಕೆ ಸಣ್ಣದಾಗುತ್ತಾ 200ರ ಹತ್ತಿರ ನಿಂತುಬಿಡುತ್ತದೆ. ಒಳಗೆ ಬರುವುದು, ಹೊರಗೆ ಹೋಗುವುದು ಸಮ ಆಯಿತು. ಇದೇ ಸ್ಟೆಡಿ ಸ್ಟೇಟ್. ಬಹುತೇಕ ಔಷಧಿಗಳಿಗೆ ಇದಕ್ಕೆ ಸುಮಾರು ನಾಲ್ಕೈದು ಹಾಫ್ ಲೈಫ್ ಬೇಕು. ನಿಲ್ಲಿಸಿದ ಮೇಲೆ ಹೆಚ್ಚುಕಡಿಮೆ ಪೂರ್ತಿ ಹೋಗುವುದಕ್ಕೂ ಅಷ್ಟೇ.

ನನಗೆ ಇದು ಮನಸ್ಸಿಗೆ ನಾಟಿದ್ದು ಅಜ್ಜಿಯ ಥೈರಾಯ್ಡ್ ಮಾತ್ರೆಯಿಂದ. ಡಾಕ್ಟರು ಡೋಸ್ ಜಾಸ್ತಿ ಮಾಡಿ, "ಆರು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ" ಅಂದಿದ್ದರು. ಯಾಕೆ ಆರು ವಾರ? ಲೆವೊಥೈರಾಕ್ಸಿನ್‌ನ ಹಾಫ್ ಲೈಫ್ ಸುಮಾರು 7 ದಿನ. ಐದರಿಂದ ಗುಣಿಸಿ, 35 ದಿನ. ಅದಕ್ಕೆ ಮುಂಚೆ ಪರೀಕ್ಷೆ ಮಾಡಿಸಿದರೆ ಔಷಧಿ ಇನ್ನೂ ಏರುತ್ತಲೇ ಇರುತ್ತದೆ, ವರದಿ ನೋಡಿ ಡೋಸ್ ನಿರ್ಧರಿಸಲು ಆಗುವುದಿಲ್ಲ. ಪುಸ್ತಕದ ಸೂತ್ರ ಅಜ್ಜಿಯ ಚೀಟಿಯಲ್ಲಿ ಆಗಲೇ ಇತ್ತು.

ಮನೆಯ ಮಾತ್ರೆ ಡಬ್ಬಿ ತೆರೆಯಿರಿ

ಇದು ನಾನು ಪ್ರತಿ ವಿದ್ಯಾರ್ಥಿಗೂ ಕೊಡುವ ಮೊದಲ ಹೋಮ್‌ವರ್ಕ್. ರಜೆಗೆ ಊರಿಗೆ ಹೋದಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನು ಚಾಪೆ ಮೇಲೆ ಹರವಿ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಜೊತೆಯಲ್ಲೇ ಔಷಧಿಯ ನಿಜವಾದ ಹೆಸರೂ ಇರುತ್ತದೆ, ಅದನ್ನು ಬರೆದುಕೊಳ್ಳಿ. ಬೇರೆ ಬೇರೆ ಹೆಸರಿನ ಎರಡು ಸ್ಟ್ರಿಪ್‌ಗಳಲ್ಲಿ ಒಂದೇ ಔಷಧಿ ಇರುವುದು ಎಷ್ಟೋ ಮನೆಗಳಲ್ಲಿ ಸಿಗುತ್ತದೆ. ಕೆಂಪು ಗೆರೆ ಎಲ್ಲಿದೆ, ಯಾವುದನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಬರೆದಿದೆ, ನೋಡಿ. ಜನೌಷಧಿ ಕೇಂದ್ರದ ಬೆಲೆಪಟ್ಟಿಯಲ್ಲಿ ಔಷಧಿಗಳು ನಿಜವಾದ ಹೆಸರಿನಲ್ಲೇ ಇರುತ್ತವೆ. ಅದನ್ನು ಬಸ್ಸಿನಲ್ಲಿ ಕೂತು ಓದುತ್ತಾ ಗುಂಪು ಹೇಳಿಕೊಳ್ಳಿ. ನನ್ನ ಅರ್ಧ ರಿವಿಷನ್ ಆದದ್ದು ಹೀಗೆ, ಬಿಎಂಟಿಸಿ ಬಸ್ಸಿನ ಕಿಟಕಿ ಪಕ್ಕ.

ಅಜ್ಜಿಯ ಡಬ್ಬಿ ನನಗೆ ಇನ್ನೊಂದು ಪಾಠ ಕಲಿಸಿತು. ಅವರು ಬೆಳಿಗ್ಗೆ ಎದ್ದು, ಹಬೆಯಾಡುವ ಫಿಲ್ಟರ್ ಕಾಫಿಯ ಮೊದಲ ಗುಟುಕಿನ ಜೊತೆಗೇ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರು. ಕಾಫಿ ಆ ಮಾತ್ರೆ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮತ್ತು ಹಾಲಿನದ್ದೂ ಇಂಥದ್ದೇ ಕಥೆ. ಹಾಲಿನ ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಂಡುಬಿಡುತ್ತದೆ.

ಹಣ್ಣಿನ ಕಥೆಯೂ ಇದೆ. ಗ್ರೇಪ್‌ಫ್ರೂಟ್ ರಸವು ಔಷಧಿಗಳನ್ನು ಒಡೆಯುವ ಕರುಳಿನ ಸಿವೈಪಿ3ಎ4 ಕಿಣ್ವವನ್ನು ಕೆಡಿಸಿ ಕೆಲವು ಔಷಧಿಗಳ ಮಟ್ಟವನ್ನು ಏರಿಸುತ್ತದೆ. ಇದು ಗೊತ್ತಾದದ್ದು ಆಕಸ್ಮಿಕವಾಗಿ. ಫೆಲೊಡಿಪಿನ್ ಅನ್ನುವ ಬಿಪಿ ಔಷಧಿ ಮೇಲೆ ಮದ್ಯದ ಪರಿಣಾಮ ನೋಡುವಾಗ ಮದ್ಯದ ರುಚಿ ಮರೆಮಾಡಲು ಆ ರಸ ಬೆರೆಸಿದ್ದರು. ಔಷಧಿ ಮಟ್ಟ ಏರಿದ್ದಕ್ಕೆ ರಸವೇ ಕಾರಣ ಅಂತ ಆಮೇಲೆ ತಿಳಿಯಿತು. ಗ್ರೇಪ್‌ಫ್ರೂಟ್ ಹುಟ್ಟಿದ್ದು ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ದೇವನಹಳ್ಳಿ ಚಕ್ಕೋತ ನೋಡಿದಾಗಲೆಲ್ಲ ನನಗೆ ಆ ಕಿಣ್ವದ ಹೆಸರು ನೆನಪಾಗುತ್ತದೆ. ನೆನಪಿಗೆ ಇಂಥ ಕೊಂಡಿಗಳು ಬೇಕು.

ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಇಂಗ್ಲಿಷಿನಲ್ಲಿ ಬರೆಯಿರಿ

ಕನ್ನಡ ಮಾಧ್ಯಮದಿಂದ ಬಂದವರು ಮಾಡುವ ದೊಡ್ಡ ತಪ್ಪು ಅಂದರೆ ಅರ್ಥವಾಗದ ಇಂಗ್ಲಿಷ್ ವಾಕ್ಯವನ್ನು ಹಾಗೇ ನುಂಗುವುದು. ಮೊದಲು ಆ ಪ್ಯಾರಾವನ್ನು ರೂಮ್‌ಮೇಟ್‌ಗೆ ಕನ್ನಡದಲ್ಲಿ ಹೇಳಿ. ಅಗೋನಿಸ್ಟ್ ಅಂದರೆ ಬೀಗ ತೆರೆಯುವ ಕೀ. ಆಂಟಗೋನಿಸ್ಟ್ ಅಂದರೆ ಬೀಗದೊಳಗೆ ಹೋಗಿ ಸುಮ್ನೆ ಕೂರುವ ಕೀ, ತಾನೂ ತೆರೆಯಲ್ಲ, ಇನ್ನೊಂದಕ್ಕೂ ಜಾಗ ಬಿಡಲ್ಲ.

ಪ್ಯಾರಾಸಿಟಮಾಲ್ ವಿಷವಾಗುವುದನ್ನು ನಾನು ತರಗತಿಯಲ್ಲಿ ಹೀಗೆ ಹೇಳುತ್ತೇನೆ. ಲಿವರ್‌ನಲ್ಲಿ ಅದಕ್ಕೆ ಎರಡು ಹೆದ್ದಾರಿ, ಒಂದು ಓಣಿ. ಬಹುಪಾಲು ಹೆದ್ದಾರಿಯಲ್ಲಿ ಹೋಗಿ ನಿರಪಾಯವಾಗಿ ಹೊರಬೀಳುತ್ತದೆ. ಓಣಿಯಲ್ಲಿ ಹೋದ ಸ್ವಲ್ಪ ಭಾಗ ವಿಷವಾಗುತ್ತದೆ. ಆದರೆ ಅಲ್ಲಿ ಲಿವರ್‌ನಲ್ಲೇ ಇರುವ ಗ್ಲುಟಾಥಯೋನ್ ಅನ್ನುವ ವಸ್ತು ಕಾವಲು ನಿಂತಿರುತ್ತದೆ, ಹಿಡಿದುಹಾಕುತ್ತದೆ. ಮಿತಿ ಮೀರಿ ನುಂಗಿದರೆ ಹೆದ್ದಾರಿಗಳು ಸಂಜೆಯ ಸಿಲ್ಕ್ ಬೋರ್ಡ್ ಜಂಕ್ಷನ್ ಹಾಗೆ ಕಿಕ್ಕಿರಿಯುತ್ತವೆ. ಗಾಡಿಗಳೆಲ್ಲ ಓಣಿಗೆ ನುಗ್ಗುತ್ತವೆ. ಕಾವಲು ಖಾಲಿಯಾಗುತ್ತದೆ. ವಿಷ ಲಿವರ್‌ನ ಜೀವಕೋಶಗಳನ್ನು ಕೊಲ್ಲುತ್ತದೆ. ಎನ್-ಅಸಿಟೈಲ್‌ಸಿಸ್ಟೀನ್ ಕೊಡುವುದು ಆ ಕಾವಲನ್ನು ಮತ್ತೆ ತುಂಬಲು. ಇಷ್ಟು ಅರ್ಥವಾದ ಮೇಲೆ ಇಂಗ್ಲಿಷಿನಲ್ಲಿ ಆರು ಸಣ್ಣ ವಾಕ್ಯ ಬರೆಯಿರಿ. ಹೆದ್ದಾರಿ ಜಾಗದಲ್ಲಿ ಗ್ಲುಕುರೊನಿಡೇಶನ್, ಸಲ್ಫೇಶನ್ ಅಂತ ಹಾಕಿ. ಓಣಿಯ ಜಾಗದಲ್ಲಿ ಸಿವೈಪಿ2ಇ1. ಸಣ್ಣ ವಾಕ್ಯಕ್ಕೆ ಯಾರೂ ಅಂಕ ಕಡಿಯುವುದಿಲ್ಲ.

ಪ್ರಾಕ್ಟಿಕಲ್, ಪುಸ್ತಕ, ಪರೀಕ್ಷೆ

ಪ್ರಾಣಿಗಳ ಮೇಲೆ ಮಾಡುತ್ತಿದ್ದ ಪ್ರಯೋಗಗಳನ್ನು ಈಗ ಬಿ.ಫಾರ್ಮದಲ್ಲಿ ಕಂಪ್ಯೂಟರ್ ಸಾಫ್ಟ್‌ವೇರ್ ಮತ್ತು ವಿಡಿಯೊದಲ್ಲಿ ತೋರಿಸುತ್ತಾರೆ. ನನಗೆ ಇದು ಸರಿ ಅನ್ನಿಸುತ್ತದೆ. ಆದರೆ ಸ್ಕ್ರೀನ್ ಮೇಲೆ ಗೆರೆ ಬಂತು ಅಂತ ಬಿಡಬೇಡಿ. ಡೋಸ್ ಏರಿದಂತೆ ಪರಿಣಾಮ ಎಷ್ಟು ಏರುತ್ತದೆ ಅಂತ ತೋರಿಸುವ ಡೋಸ್-ರೆಸ್ಪಾನ್ಸ್ ಗ್ರಾಫ್ ಅನ್ನು ಕೈಯಲ್ಲೇ ಬರೆಯಿರಿ. ಆಂಟಗೋನಿಸ್ಟ್ ಹಾಕಿದಾಗ ಗೆರೆ ಬಲಕ್ಕೆ ಸರಿಯಿತೋ, ತುದಿಯೇ ತಗ್ಗಿತೋ ನೋಡಿ. ಬಲಕ್ಕೆ ಸರಿದು ತುದಿ ಹಾಗೇ ಉಳಿದರೆ ಅದು ಪೈಪೋಟಿ ಮಾಡುವ ಆಂಟಗೋನಿಸ್ಟ್, ಅಗೋನಿಸ್ಟ್ ಜಾಸ್ತಿ ಹಾಕಿ ಗೆಲ್ಲಬಹುದು. ವೈವಾದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ದುಡ್ಡು ಕಡಿಮೆ ಇದ್ದರೆ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಿಗೆ ಹೋಗಿ. ಫಿಸಿಯಾಲಜಿ ಹಳೇ ಆವೃತ್ತಿ ಆದರೂ ನಡೆಯುತ್ತದೆ. ಫಾರ್ಮಕಾಲಜಿ ಮಾತ್ರ ಆದಷ್ಟು ಹೊಸದಿರಲಿ, ಔಷಧಿಗಳೂ ಡೋಸ್‌ಗಳೂ ಬದಲಾಗುತ್ತಿರುತ್ತವೆ. ಪಿಜಿಯಲ್ಲಿ ಗಲಾಟೆ ಇದ್ದರೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಕೂತು ಓದಿ. ಆ ಕೆಂಪು ಕಟ್ಟಡದಲ್ಲಿ ನಾನು ಎಷ್ಟೋ ಶನಿವಾರ ಕಳೆದಿದ್ದೇನೆ.

ಸೆಮಿಸ್ಟರ್ ಕೊನೆಯ ಪರೀಕ್ಷೆ 75 ಅಂಕದ್ದು, ಮೂರು ಗಂಟೆ. ದೊಡ್ಡ ಉತ್ತರವನ್ನು ಗುಂಪುಗಳ ಪಟ್ಟಿಯಿಂದ ಶುರು ಮಾಡಿ. ಆಮೇಲೆ ಔಷಧಿ ಕೆಲಸ ಮಾಡುವ ರೀತಿಗೆ ಬಾಣದ ಗುರುತಿನ ಒಂದು ಚಿತ್ರ ಹಾಕಿ. ಚಿತ್ರ ಬರೆಯಲು ಬರದಿದ್ದರೆ ಆ ವಿಷಯ ಇನ್ನೂ ಅರ್ಥವಾಗಿಲ್ಲ ಅಂತಲೇ ಲೆಕ್ಕ, ವಾಪಸ್ ಹೋಗಿ ಓದಿ.

ಎಂಟನೇ ಸೆಮಿಸ್ಟರ್‌ನಲ್ಲಿ ಐಚ್ಛಿಕವಾಗಿ ಫಾರ್ಮಕೊವಿಜಿಲೆನ್ಸ್ (ಔಷಧಿಗಳ ಅಡ್ಡ ಪರಿಣಾಮಗಳ ಮೇಲೆ ಕಣ್ಣಿಡುವ ವಿಷಯ) ಇದ್ದರೆ ತೆಗೆದುಕೊಳ್ಳಿ. ಔಷಧಿಯಿಂದ ಆದ ತೊಂದರೆಯನ್ನು ರೋಗಿಯೇ ವರದಿ ಮಾಡಬಹುದು. ಅದಕ್ಕೆ 1800-180-3024 ಅನ್ನುವ ಉಚಿತ ಸಂಖ್ಯೆ ಇದೆ. ಮುಂದೆ ಎಂ.ಫಾರ್ಮ ಮಾಡುವ ಆಸೆ ಇರುವವರು ಏಳನೇ ಸೆಮಿಸ್ಟರ್‌ನಿಂದಲೇ ಅದರ ಪ್ರವೇಶ ಪರೀಕ್ಷೆ ಜಿಪ್ಯಾಟ್‌ಗೆ ಓದಲು ಶುರು ಮಾಡಿ. ಒಂದು ಔಷಧಿಗೆ ಒಂದು ಪುಟದ ಆ ನೋಟ್‌ಬುಕ್‌ಗಳನ್ನು ಎಸೆಯಬೇಡಿ, ಆಗ ಅವೇ ಕೈಹಿಡಿಯುತ್ತವೆ. ನನ್ನವು ನಾಲ್ಕಿವೆ. ಮೊದಲನೆಯದರ ಮೊದಲ ಪುಟದಲ್ಲಿರುವುದು ಪ್ರೊಪ್ರನೊಲಾಲ್.